ಭೀಮನ ಮೀನು, ನನ್ನ ಅರ್ಧ ಪಾಂಡಿತ್ಯ

"ಭಾನುವಾರ ಲತಾಮಣಿ ಬರೋ ಹೊತ್ತಿಗೆ ಈ ಮೀನು ಇನ್ನೂ ದುಂಡಗಾಗಿರುತ್ತೆ, ಬರೆದಿಟ್ಟುಕೋ!" ಎಂದು ಹೆಂಡತಿ ಮಂಜುಶ್ರೀಯ ಮುಂದೆ ಘೋಷಿಸಿದೆ.

ಮೀನು ಭೀಮರಾಜನದು. ಅರಸೀಕೆರೆಯಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು, ನನ್ನ ಮೂವತ್ತು ವರ್ಷದ ಗೆಳೆಯ. ತೀರಿಕೊಂಡು ತಿಂಗಳಾಗಿತ್ತು. ಹಳೇಬೀಡಿನ ಕೆರೆಯಿಂದ ತಾನೇ ತಂದು ಸಾಕಿದ್ದ ಈ ಹಾವುತಲೆಯ ಕುಚ್ಚು ಮೀನನ್ನು ಅವನ ಹೆಂಡತಿ ಲತಾಮಣಿ, ಬಾಣಾವರದ ಅಕ್ಕನ ಮನೆಗೆ ಹೋಗುವ ಮುಂಚೆ ತೊಟ್ಟಿಸಮೇತ ನನಗೆ ಒಪ್ಪಿಸಿದಳು. ಜೊತೆಗೆ ಅವನ ಪಾಠದ ನೋಟ್ಸು.

"ಇದ್ರಲ್ಲಿ ಎಲ್ಲಾ ಬರೆದವ್ರೆ, ಓದ್ಕೊಳ್ಳಿ ಅಣ್ಣ. ಅವರು ಸಾಕಿದ್ದು ಅಂತ ಉಳಿದಿರೋದು ಇದೊಂದೇ."

ಓದಿದೆ! ಮೂಳೆಮೀನು ಬಾಯಿ ತೆರೆದು ನೀರೆಳೆದುಕೊಳ್ಳುತ್ತದೆ. ಬಾಯಿ ಮುಚ್ಚಿ ಆ ನೀರನ್ನು ಕಿವಿರುಗಳ ಮೇಲೆ ಹಾಯಿಸುತ್ತದೆ. ಕಿವಿರಿನ ಕೆಂಪು ಎಳೆಗಳು ಆಮ್ಲಜನಕ ಹೀರುತ್ತವೆ, ನೀರು ಕಿವಿರು ಮುಚ್ಚಳದಿಂದ ಹೊರಗೆ! ಪುಟದ ಕೊನೆಯ ಸಾಲು: 'ಮೀನಿಗೆ ನೀರೇ ಗಾಳಿ.' ಅವನ ಕೈಬರಹ ಮಂಜಾಯಿತು. ನೋಟ್ಸು ಮುಚ್ಚಿಟ್ಟೆ. ಪಂಡಿತನಾಗಲು ಅಷ್ಟು ಸಾಲದೇ!

ಭೀಮ ತೊಟ್ಟಿಗೆ ಮುಕ್ಕಾಲೇ ನೀರು ಹಾಕುತ್ತಿದ್ದ. ಜಿಪುಣ! ಮಂಜುಶ್ರೀ ಹಿಡಿದಿಟ್ಟಿದ್ದ ಬಿಂದಿಗೆಗಳನ್ನು ಕದ್ದು ಕಂಠದವರೆಗೆ ತುಂಬಿದೆ. ಮೀನು ಹಾರಿಬಿಟ್ಟರೆ? ಮೇಲೊಂದು ಗಾಜು, ಗಾಜಿನ ಮೇಲೆ ಗುಂಡುಕಲ್ಲು.

ಮೀನು ಚಡಪಡಿಸಿತು. ಮೇಲೆ ಬಂದು ಗಾಜಿಗೆ ಮೂತಿ ಗುದ್ದಿತು. ನಾನೂ ಕೂತೆ, ಎದ್ದೆ, ಮತ್ತೆ ಕೂತೆ.

"ರೀ, ಅದಕ್ಕೆ ಉಸಿರು ಕಟ್ತಿದೆ ಕಣ್ರೀ!"

"ನೀರೊಳಗೆ ಮೀನಿಗೆ ಉಸಿರು ಕಟ್ಟುತ್ತಾ? ಪ್ರಾಣಿಶಾಸ್ತ್ರ ಗೊತ್ತಾ ನಿನಗೆ?"

"ನೀವು ಓದಿರೋದು ಕಾಮರ್ಸು!"

ಉಸಿರಿಗೆ ನೀರು ಸಾಲದಿರಬಹುದೆಂದು, ಗಾಜಿನಡಿ ಉಳಿದಿದ್ದ ಬೆರಳಗಲದ ಸಂದಿಗೂ ಎರಡು ಚೊಂಬು ಸುರಿದೆ!

ಮಧ್ಯಾಹ್ನದ ಹೊತ್ತಿಗೆ ಮೀನು ತಳ ಸೇರಿ ಪಕ್ಕಕ್ಕೆ ವಾಲಿತು. ನಾನು ತೊಟ್ಟಿಯ ಪಕ್ಕ ನಿಂತೆ. ಆಸ್ಪತ್ರೆಯಲ್ಲಿ ಭೀಮನ ಮಂಚದ ಪಕ್ಕ ಹೀಗೇ ಏನೂ ಮಾಡಲಾಗದೆ ನಿಂತಿದ್ದೆ. ಲತಾಮಣಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಯ್ಯೋ ಅಣ್ಣಾ, ಮೊದ್ಲು ಗಾಜು ತೆಗೀರಿ!"

ಮಂಜುಶ್ರೀ ಆಗಲೇ ಗುಂಡುಕಲ್ಲು ಎತ್ತಿದ್ದಳು. ಗಾಜು ಸರಿದದ್ದೇ ತಡ, ಮೀನು ಮೇಲೆದ್ದು ಒಂದು ಗುಟುಕು ಗಾಳಿ ನುಂಗಿತು. ಇನ್ನೊಂದು ಗುಟುಕು. ಆಮೇಲೆ ಒಂದೇ ನೆಗೆತಕ್ಕೆ ನೆಲಕ್ಕೆ!

"ಸತ್ತೇಹೋಯ್ತು!" ಎಂದು ಕಿರುಚಿದೆ. ಅದು ತೆವಳುತ್ತ ನಿಶ್ಚಿಂತೆಯಿಂದ ಮಂಚದಡಿ ಹೋಯಿತು. ಹೊಟ್ಟೆಯ ಮೇಲೆ ತೆವಳುತ್ತ ನಾನೂ ಹಿಂದೆ ಹೋದೆ. ಮೀನಿಗೆ ಉಸಿರಿತ್ತು, ನನಗಿರಲಿಲ್ಲ!

ಒದ್ದೆ ಟವೆಲಿನಲ್ಲಿ ಹಿಡಿದು, ಮುಕ್ಕಾಲಿಗಿಳಿಸಿದ ನೀರಿಗೆ ಬಿಟ್ಟು, ಕಟ್ ಮಾಡದೇ ಇಟ್ಟಿದ್ದ ಫೋನೆತ್ತಿದರೆ, ನಮ್ಮ ಗಲಾಟೆ ಕೇಳಿ ಆ ಕಡೆ ಲತಾಮಣಿ ನಗುತ್ತಿದ್ದಳು. ತಿಂಗಳ ಮೇಲೆ ಕೇಳಿದ ನಗು.

"ಅದು ಮೇಲೆ ಬಂದು ಗಾಳಿ ಕುಡಿಯೋ ಮೀನು ಅಣ್ಣ. ಗಾಳಿ ಸಿಗದಿದ್ರೆ ನೀರಲ್ಲೇ ಮುಳುಗಿ ಸಾಯುತ್ತೆ. ನೋಟ್ಸು ಓದ್ಲಿಲ್ವಾ?"

ಪುಟ ತಿರುಗಿಸಿದೆ. 'ಆದರೆ ಕುಚ್ಚು ಮೀನಿಗೆ ಈ ಮಾತು ಸಾಲದು.' ಅದರಡಿ, ಹುಡುಗರಿಗೆಂದು ಕೆಂಪು ಶಾಯಿಯಲ್ಲಿ: 'ಅರ್ಧ ಓದಿದವರ ಕೈಗೆ ಮೀನು ಕೊಡಬಾರದು!'

"ಏನು ಬರೆದವ್ರೆ?" ಮಂಜುಶ್ರೀ ಕೇಳಿದಳು.

ನಕ್ಕೆನೋ ಅತ್ತೆನೋ ತಿಳಿಯಲಿಲ್ಲ. ಅವಳೇ ಇಣುಕಿ ಕೆಂಪಕ್ಷರ ನೋಡಿ, ಪಕ್ಕದಲ್ಲಿ ಕೂತಳು.

"ಈ ಸಲ ಕೊನೇವರೆಗೂ ಓದ್ರೀ. ಜೋರಾಗಿ ಓದಿ, ಮೀನಿಗೂ ಧೈರ್ಯ ಬರಲಿ!"