ನನ್ನ ಕುತ್ತಿಗೆಯ ಗಂಟಿಗೆ, ಎರಡನೇ ಸೂಜಿಯ ಮುನ್ನಾದಿನ

ನನ್ನ ಥೈರಾಯ್ಡ್ ಗ್ರಂಥಿಯ ಎಡಭಾಗದಲ್ಲಿ ಹೇಳದೆ ಕೇಳದೆ ಬಿಡಾರ ಹೂಡಿರುವ, ಸುಮಾರು ಒಂದೂವರೆ ಸೆಂಟಿಮೀಟರ್ ಗಾತ್ರದ ಶ್ರೀ ಗಂಟು ಮಹಾಶಯರ ಸನ್ನಿಧಿಗೆ, ವೇಣೂರು ಕಡೆಯ ಡೊಂಬಯ್ಯನು ಕುತ್ತಿಗೆ ಎಷ್ಟು ಬಾಗುತ್ತದೋ ಅಷ್ಟು ಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಸ್ಕ್ಯಾನಿನಿಂದ ತಿಳಿಯಿತು. ನಾವು ಅಷ್ಟೊಂದು ಕ್ಷೇಮವಾಗಿಲ್ಲ.

ಏಳನೇ ಕ್ಲಾಸಿನವರೆಗೆ ಮಾತ್ರ ಓದಿದವನಾದರೂ, ಹಲಸಿನಕಾಯಿಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಅದು ಎಷ್ಟನೇ ದಿನಕ್ಕೆ ಹಣ್ಣಾಗುತ್ತದೆಂದು ಹೇಳಬಲ್ಲವನು ಈ ತಾಲೂಕಿನಲ್ಲಿ ನಾನೊಬ್ಬನೇ ಎಂಬುದು ತಮಗೂ ಗೊತ್ತಿರಬೇಕು, ಏಕೆಂದರೆ ನಾನದನ್ನು ದಿನಕ್ಕೆ ಮೂರು ಸಲ ಹೇಳುವಾಗ ತಾವು ಗಂಟಲಲ್ಲೇ ಇದ್ದಿರಿ. ಕತ್ತಿಯಿಂದ ಚುಚ್ಚಿ ನೋಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಆದ್ದರಿಂದ ಕುತ್ತಿಗೆ ಊದಿ ಅಂಗಿಯ ಮೇಲಿನ ಗುಂಡಿ ಹಾಕಲಾಗದೆ ಹೋದಾಗ ಅದು ಗತ್ತಿನ ಲಕ್ಷಣವೆಂದು ಸಾರಿದೆ. ತಾವು ಕೈಗೆ ಸಿಕ್ಕಿದಾಗ ತಮ್ಮನ್ನೂ ಎರಡು ಸಲ ತಟ್ಟಿ, 'ಇನ್ನೂ ಎಳತು, ಗಾಬರಿ ಬೇಡ' ಎಂದು ನನ್ನ ಹೆಂಡತಿ ಲೋಲಾಕ್ಷಿಗೆ ತೀರ್ಪು ಕೊಟ್ಟೆ.

ಆ ತೀರ್ಪನ್ನು ಒಪ್ಪದ ನನ್ನ ತಂಗಿಯ ಮಗಳು ವಿಸ್ಮಿತಾ, ನರ್ಸಿಂಗ್ ಕಲಿತ ಅಹಂಕಾರದಿಂದ, ನನ್ನನ್ನು ಮೂಡುಬಿದಿರೆಯ ಡಾಕ್ಟರ್ ರಶೀನಾ ಅವರ ಮುಂದೆ ಕೂರಿಸಿದಳು. ನನ್ನ ಮೈಯ ಕಾವಲುಪಡೆಯೇ ಥೈರಾಯ್ಡನ್ನು ಪರಕೀಯನೆಂದು ತಿಳಿದು ಬಡಿಯುತ್ತಿದೆಯಂತೆ. ಹಾಗೆ ಪೆಟ್ಟು ತಿಂದ ಗ್ರಂಥಿಯಲ್ಲಿ ಬರೀ ಊದಿದ ಜಾಗಗಳೂ ಗಂಟಿನ ವೇಷ ಹಾಕಿ ಕೂತಿರುತ್ತವಂತೆ. ಅವುಗಳ ನಡುವೆ ನಿಜವಾದ ಗಂಟು ಯಾವುದು, ಅದರಲ್ಲಿ ಕ್ಯಾನ್ಸರ್ ಉಂಟೋ ಇಲ್ಲವೋ ಎಂಬುದನ್ನು ಹೊರಗಿನಿಂದ ಮುಟ್ಟಿ ಹೇಳಲಾಗದು. ಸ್ಕ್ಯಾನಿನಲ್ಲಿ ಸಂಶಯ ಬಂದರೆ ಸಪೂರ ಸೂಜಿಯಿಂದ ಚೂರು ತೆಗೆದು ನೋಡಬೇಕಂತೆ. ಸರಿಸಮನಾದ ಎದುರಾಳಿ ಊರಲ್ಲಿ ಸಿಗದ ಕಾರಣ ನನ್ನ ಸೈನ್ಯ ನನ್ನ ಮೇಲೆಯೇ ಏರಿಬಂತೆಂದು ವಾಪಸು ಬರುವಾಗ ಬಸ್ಸಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಮನೆ ಮುಟ್ಟಿದ ಮೇಲೆ ಊಟ ಸೇರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಮೊದಲ ಸೂಜಿಯ ದಿನ ಡಾಕ್ಟರು ಕೇಳಿದ್ದು ಒಂದೇ ಒಂದು: ಸೂಜಿ ಒಳಗಿರುವಷ್ಟು ಹೊತ್ತು ಮಾತಾಡಬಾರದು, ಉಗುಳು ನುಂಗಬಾರದು. ನಾನು ಒಪ್ಪಿದೆ. ಆದರೆ ಸೂಜಿ ಚುಚ್ಚಿ ಪರದೆ ನೋಡುತ್ತಾ ಅವರು, 'ಒಳಗೆಲ್ಲಾ ತರಿತರಿ ಉಂಟು, ಗೊತ್ತಾಗುವುದು ಕಷ್ಟ' ಎಂದುಬಿಟ್ಟರು. ಗೊತ್ತಾಗುವುದು ಕಷ್ಟ ಎಂಬ ಮಾತನ್ನು ಕೇಳಿ ಸುಮ್ಮನಿರುವ ವಂಶ ನನ್ನದಲ್ಲ. 'ಎಂತ ಕಷ್ಟ ಡಾಕ್ಟ್ರೇ, ತಟ್ಟಿ ನೋಡಿದ್ರೆ ಗೊತ್ತಾಗ್ತದೆ' ಎಂದು, ಕುತ್ತಿಗೆಯಲ್ಲಿ ಸೂಜಿ ಇರುವಂತೆಯೇ, ವಿವರಿಸಿದೆ. ತಾವು ಲಿಫ್ಟಿನಂತೆ ಮೇಲೆ ಹೋಗಿ ಕೆಳಗೆ ಬಂದಿರಿ. ಸೂಜಿಗೆ ಬರೀ ರಕ್ತ ಸಿಕ್ಕಿತು. 'ಮಾದರಿ ಸಾಲದು, ಪುನಃ ತೆಗೆಯಬೇಕು' ಎಂದು ವರದಿ ಬಂತು. 'ಮಾಮ, ಮೊದಲು ನಿಮ್ಮ ಬಾಯಿಗೆ ಹೊಲಿಗೆ ಹಾಕಿಸ್ಬೇಕಿತ್ತು' ಎಂದಳು ವಿಸ್ಮಿತಾ. ಕ್ಯಾನ್ಸರೋ ಅಲ್ಲವೋ ಎಂಬ ಒಂದು ಉತ್ತರಕ್ಕಾಗಿ ಲೋಲಾಕ್ಷಿ ಇನ್ನೂ ಅಷ್ಟು ದಿನ ಕಾಯಬೇಕಾದದ್ದು ನನ್ನ ನಾಲಿಗೆಯಿಂದ.

ಆದಕಾರಣ ಮೂರು ದಿನಗಳಿಂದ ಮನೆಯಲ್ಲಿ ಮೌನದ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ಗಂಜಿ ಬಡಿಸುತ್ತಿದ್ದ ಲೋಲಾಕ್ಷಿ, ಮೂವತ್ತೆರಡು ವರ್ಷ 'ಒಮ್ಮೆ ಬಾಯಿ ಮುಚ್ಚಿ' ಎಂದೇ ಹೇಳಿಕೊಂಡು ಬಂದವಳು, ಸೌಟು ಕೆಳಗಿಟ್ಟು, 'ಏನಾದ್ರೂ ಮಾತಾಡಿ ಮಾರಾಯ್ರೆ, ಆ ಹಲಸಿನ ಕಥೆಯಾದ್ರೂ ಹೇಳಿ, ನಂಗೆ ಹೆದರಿಕೆ ಆಗ್ತದೆ' ಎಂದು ಅತ್ತಳು. ನನ್ನ ಕಥೆಗೆ ಇಷ್ಟು ಬೇಡಿಕೆ ಬಂದದ್ದು ಇದೇ ಮೊದಲು, ಆದರೂ ಹೇಳಲು ಗಂಟಲಿನಿಂದ ಸ್ವರ ಹೊರಡಲಿಲ್ಲ. ಅದಕ್ಕೆ ತಾವು ಕಾರಣರಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಈಗ ನನ್ನ ಅರಿಕೆ. ನಾಳೆ ಬೆಳಿಗ್ಗೆ ತಾವು ದಯಮಾಡಿ ಇದ್ದಲ್ಲೇ ಇದ್ದು, ಸೂಜಿ ಬಂದಾಗ ಎದ್ದು ನಿಂತು, ಹೆಸರು, ಕುಲ, ಉದ್ದೇಶಗಳನ್ನು ಸ್ಪಷ್ಟವಾಗಿ ತಿಳಿಸಬೇಕು. ಒಂದು ವೇಳೆ ತಾವು ಕೆಟ್ಟವರೇ ಆಗಿದ್ದರೆ, ಅದೇ ಸೂಜಿಯ ದಾರಿಯಲ್ಲಿ ಸದ್ದಿಲ್ಲದೆ ಹೊರಟುಹೋಗಬೇಕು. ಲೋಲಾಕ್ಷಿಗೆ ನಾನೇ ಏನಾದರೂ ಕಟ್ಟಿ ಹೇಳುತ್ತೇನೆ, ಅದರಲ್ಲಿ ನನಗೆ ಅನುಭವ ಉಂಟು.

ತಾವು ಬಿಟ್ಟುಹೋದರೂ ಕಿಂಚಿತ್ತೂ ಬೇಸರಿಸದ
ತಮ್ಮ ವಿಶ್ವಾಸಿ,
ಡೊಂಬಯ್ಯ

ತಾ.ಕ.: ಹತ್ತು ದಿನ ಕಳೆದು ಇದನ್ನು ಸೇರಿಸುತ್ತಿದ್ದೇನೆ. ವರದಿ ಬಂತು: ಕ್ಯಾನ್ಸರ್ ಅಲ್ಲ, ಕಾವಲುಪಡೆಯ ಗಲಾಟೆಯ ಊತ ಮಾತ್ರ, ವರ್ಷ ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿದರೆ ಸಾಕು. ಲೋಲಾಕ್ಷಿ ವರದಿಯನ್ನು ನಂಬಿದಳು, ದೇವರಿಗೆ ಕೈಮುಗಿದಳು. ಆದರೆ ಸೂಜಿ ಒಳಗಿದ್ದಷ್ಟು ಹೊತ್ತೂ ನಾನು ತುಟಿ ಬಿಚ್ಚಲಿಲ್ಲವೆಂಬುದನ್ನು ಅವಳಾಗಲಿ, ವಿಸ್ಮಿತಾ ಆಗಲಿ, ವೇಣೂರಿನ ಯಾವ ಅಂಗಡಿಯವರಾಗಲಿ ನಂಬುತ್ತಿಲ್ಲ. ಬಾಯಿಗೆ ನಾಲ್ಕು ಬೆರಳು ದೂರದಲ್ಲಿದ್ದ ಸಾಕ್ಷಿ ತಾವೊಬ್ಬರೇ ಆದ್ದರಿಂದ, ಸಹಿ ಹಾಕಿದ ಪ್ರಮಾಣಪತ್ರವೊಂದನ್ನು ಬೇಗನೆ ದಯಪಾಲಿಸಬೇಕು. ಅಲ್ಲಿಯವರೆಗೆ ತಾವು ಜಾಗ ಖಾಲಿ ಮಾಡದಿದ್ದರೂ ನಡೆಯುತ್ತದೆ.