ಏಳನೇ ಮಂಚದ ಕಿರುಬೆರಳಿನ ಪರವಾಗಿ

ಚಪ್ಪಲಿಯ ಸದ್ದಿನಿಂದಲೇ ಅರ್ಧ ಜ್ವರ ಇಳಿಸಬಲ್ಲ, ಮಕ್ಕಳ ವಾರ್ಡಿನ ಹಿರಿಯ ದಾದಿಯರಾದ ಶ್ರೀಮತಿ ಉಷಾರಾಣಿ ಸಿಸ್ಟರ್ ಅವರ ಸನ್ನಿಧಿಗೆ, ಮಲಗಿದಲ್ಲಿಂದಲೇ ತಲೆಬಾಗಿ ಬರೆದುಕೊಂಡ ಬಹಿರಂಗ ಪತ್ರ.

ಮಾನ್ಯರೇ,

ತಮ್ಮ ವಾರ್ಡಿನ ಏಳನೇ ಮಂಚದಲ್ಲಿ, ಮಂಚ ಮುಗಿದ ಮೇಲೂ ಮುಗಿಯದ ಕಾಲುಗಳನ್ನು ಒಂದು ಸ್ಟೂಲಿನ ಮೇಲೆ ಇಟ್ಟುಕೊಂಡು ಮಲಗಿರುವ ದೇವರಾಜು ಎಂಬ ನಾನು, ವಯಸ್ಸು ಅರವತ್ತನಾಲ್ಕು, ಕಾಫಿ ತೋಟದ ಆಳುಗಳ ಹಾಜರಿ ಬರೆಯುತ್ತಿದ್ದ ನಿವೃತ್ತ ಎಸ್ಟೇಟ್ ರೈಟರ್, ತಮಗೂ ತಮ್ಮ ಥರ್ಮಾಮೀಟರಿಗೂ ಸಕಲ ಸೌಭಾಗ್ಯವನ್ನು ಕೋರುತ್ತೇನೆ. ಗಂಡಸರ ವಾರ್ಡಿನ ಹೆಂಚು ಗಾಳಿಗೆ ಹಾರಿಹೋದ ದಿನ ನಮ್ಮ ನಾಲ್ವರನ್ನು ಇಲ್ಲಿಗೆ ಸಾಗಿಸಲಾಯಿತು. ಉಳಿದ ಮೂವರು ಗುಣವಾಗಿಯೋ ನಾಚಿಕೆಯಿಂದಲೋ ಮನೆಗೆ ಹೋದರು. ನಾನು ಮಾತ್ರ ಉಳಿದೆ. ತೋಟದಲ್ಲಿ ಜಿಗಣೆಯೊಂದು ನನ್ನ ಎಡಗಾಲಿನ ಕಿರುಬೆರಳನ್ನು ಕಚ್ಚಿ, ಕಚ್ಚಿದ್ದನ್ನು ನಾನು ಮನಸಾರೆ ಕೆರೆದು, ನಮ್ಮಿಬ್ಬರ ಕೆಲಸಕ್ಕೆ ನನ್ನ ಸಕ್ಕರೆ ಕಾಯಿಲೆಯೂ ಕೈಜೋಡಿಸಿದ್ದರಿಂದ ಹುಣ್ಣು ಇನ್ನೂ ಮಾಗಿಲ್ಲ.

ಮೊದಲಿಗೆ ವಾರ್ಡಿನ ಗೋಡೆಯನ್ನು ಹೊಗಳಲು ಅಪ್ಪಣೆ ಕೊಡಿ. ಅದರ ಮೇಲೆ ಹಲ್ಲು ಬಿಟ್ಟು ನಗುವ ಆನೆಯೊಂದಿದೆ. ಮೂವತ್ತನಾಲ್ಕು ವರ್ಷ ತೋಟದಲ್ಲಿದ್ದ ನಾನು ಆನೆಗಳನ್ನು ಬೇಕಾದಷ್ಟು ನೋಡಿದ್ದೇನೆ, ಕೆಲವು ಸಲ ಓಡುತ್ತಲೂ ನೋಡಿದ್ದೇನೆ, ಆದರೆ ಇಷ್ಟು ಸ್ನೇಹದಿಂದ ನಕ್ಕ ಆನೆಯನ್ನು ಕಂಡದ್ದಿಲ್ಲ. ಆ ಆನೆಯ ಹೊಟ್ಟೆಯಲ್ಲಿ ದಪ್ಪಕ್ಷರಗಳಲ್ಲಿ ‘ನಾನು ಮಗು, ನನಗೂ ಹಕ್ಕಿದೆ’ ಎಂದು ಬರೆಸಿ, ಅದರ ಕೆಳಗೆ ನನಗೆ ನಿಜ ಹೇಳಿ, ನನ್ನನ್ನೇ ಕೇಳಿ, ನನಗೆ ಅಳಲು ಬಿಡಿ ಎಂದೆಲ್ಲ ಬರೆಸಿದವರು ತಾವೇ ಎಂದು ತಿಳಿಯಿತು. ಬೇರೆಡೆ ಇಂಥವನ್ನು ಗೋಡೆಗೆ ಬರೆದ ಮೇಲೆ ಯಾರೂ ಓದುವುದಿಲ್ಲ. ತಾವು ಓದುತ್ತೀರಿ, ಓದಿದಂತೆ ನಡೆಯುತ್ತೀರಿ, ನನ್ನ ಸಂಕಟವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಆರನೇ ಮಂಚದಲ್ಲಿ ನೆಲ್ಯಹುದಿಕೇರಿಯ ಅನುಶ್ರೀ ಎಂಬ ಆರು ವರ್ಷದ ಹುಡುಗಿ ಎದೆಯ ಕಫಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದಾಳಷ್ಟೆ. ಮೊದಲ ದಿನ ತಾವು ಆಕೆಗೆ ಸೂಜಿ ತಂದಾಗ, ಹಿರಿಯನಾದವನ ಕರ್ತವ್ಯವೆಂದು ನಾನು ‘ಏನೂ ಆಗಲ್ಲ ಮಗಾ, ಇರುವೆ ಕಚ್ಚಿದ ಹಾಗೆ ಅಷ್ಟೇ’ ಎಂದು ನಮ್ಮ ತಾತಂದಿರ ಕಾಲದಿಂದ ಬಂದ ಸುಳ್ಳನ್ನೇ ಹೇಳಿದೆ. ತಾವು ನನ್ನ ಕಡೆ ತಿರುಗಿ, ‘ತಾತ, ಮಗೂಗೆ ಸುಳ್ಳು ಹೇಳ್ಬೇಡಿ’ ಎಂದು ಗದರಿ, ಆಕೆಗೆ ಮಾತ್ರ ‘ನೋವಾಗತ್ತೆ ಪುಟ್ಟಿ, ಹತ್ತು ಎಣಿಸೋಷ್ಟು ಹೊತ್ತು. ಯಾವ ಕೈಗೆ ಹಾಕ್ಲಿ?’ ಎಂದು ಕೇಳಿದಿರಿ. ಆಕೆ ಎಡಗೈ ಎಂದಳು, ಆಮೇಲೆ ಬಲಗೈ ಎಂದಳು, ಕೊನೆಗೆ ಆನೆಗೆ ಹಾಕಲು ಬರುತ್ತದೆಯೇ ಎಂದು ವಿಚಾರಿಸಿದಳು. ತಾವು ಕಾಲು ಗಂಟೆ ಸೂಜಿ ಹಿಡಿದು ಕಾದಿರಿ. ಆ ತಾಳ್ಮೆ ನೋಡಿ ನನಗೆ ಕಣ್ಣು ತುಂಬಿತು, ಏಕೆಂದರೆ ಮುಂದಿನ ಸರದಿ ನನ್ನದಾಗಿತ್ತು.

ನನ್ನ ಸರದಿಗೆ ತಾವು ಆಡಿದ ಮಾತು ಒಂದೇ: ‘ತಿರುಗಿ.’ ನಾನು ತಿರುಗಿ ಮುಗಿಸುವ ಮೊದಲೇ ಕೆಲಸ ಮುಗಿದಿತ್ತು. ಆರನೇ ಮಂಚಕ್ಕೂ ಏಳನೇ ಮಂಚಕ್ಕೂ ನಡುವೆ ಇರುವುದು ಎರಡು ಮೊಳ ಜಾಗ. ಅಷ್ಟರೊಳಗೆ ತಾವು ಇಡೀ ಹಕ್ಕುಗಳ ಪಟ್ಟಿಯನ್ನು ಹೊಸಿಲಲ್ಲಿ ಚಪ್ಪಲಿ ಬಿಟ್ಟಂತೆ ಬಿಟ್ಟು ಬರುವ ಚಾಕಚಕ್ಯತೆಗೆ ನನ್ನ ನಮಸ್ಕಾರ.

ಅಳುವ ಹಕ್ಕಿನ ವಿಷಯವೂ ಇದೇ ಕಥೆ. ಅನುಶ್ರೀ ಕಿರುಚಿದಾಗ ತಾವು ‘ಅಳು ಪುಟ್ಟಿ, ಜೋರಾಗಿ ಅಳು’ ಎಂದು ಬೆನ್ನು ಸವರುತ್ತೀರಿ. ನನ್ನ ಕಾಲಿನ ಕಟ್ಟು ಬಿಚ್ಚುವಾಗ ನಾನು ಒಂದೇ ಒಂದು ಸಲ ‘ಅಮ್ಮಾ’ ಎಂದದ್ದಕ್ಕೆ, ‘ಇಷ್ಟು ದೊಡ್ಡೋರಾಗಿ, ಮಕ್ಕಳು ನೋಡ್ತಿದ್ದಾರೆ’ ಎಂದಿರಿ. ಹೌದು, ನೋಡುತ್ತಿದ್ದರು. ಅನುಶ್ರೀ ಬಿಸ್ಕತ್ತು ತಿನ್ನುತ್ತ, ಬಹಳ ಆಸಕ್ತಿಯಿಂದಲೇ ನೋಡುತ್ತಿದ್ದಳು.

ಇನ್ನು ಡಾಕ್ಟರರು ಬಂದಾಗ ತಮ್ಮ ಕಟ್ಟುನಿಟ್ಟಿನಿಂದಾಗಿ ‘ಹೊಟ್ಟೆ ನೋವಾ, ಊಟ ಸೇರ್ತಾ’ ಎಂದು ಆ ಮಗುವನ್ನೇ ಕೇಳುತ್ತಾರೆ. ನನ್ನ ಮಂಚದ ಬಳಿ ಬಂದೊಡನೆ ಅವರ ದೃಷ್ಟಿ ನನ್ನ ತಲೆಯ ಮೇಲಿಂದ ಹಾದು ನನ್ನ ಹೆಂಡತಿ ವಿಶಾಲಾಕ್ಷಮ್ಮನ ಮೇಲೆ ನೆಲೆಸಿ, ‘ಇವ್ರು ಕಕ್ಕಸಿಗೆ ಹೋದ್ರಾ?’ ಎಂದು ಪ್ರಶ್ನೆ ಹೊರಡುತ್ತದೆ. ಆಕೆ ದಿನ, ವೇಳೆ, ಇತ್ಯಾದಿ ವಿವರಗಳೊಡನೆ ಉತ್ತರಿಸುತ್ತಾಳೆ. ನನ್ನ ಹೊಟ್ಟೆಯ ವಿಷಯದಲ್ಲಿ ಆಕೆಗಿರುವಷ್ಟು ತಿಳಿವಳಿಕೆ ನನಗಿಲ್ಲವೆಂದು ಒಪ್ಪುತ್ತೇನೆ, ಆದರೂ ಒಮ್ಮೆಯಾದರೂ ನನ್ನನ್ನು ವಿಚಾರಿಸಿದ್ದರೆ ಹೊಟ್ಟೆಗೂ ಗೌರವವೆನಿಸುತ್ತಿತ್ತು.

ಈ ಕಾರಣಗಳಿಂದ, ಸಿಸ್ಟರ್, ನನ್ನನ್ನು ಗುಣವಾಗುವವರೆಗೆ ಮಗುವೆಂದು ಪರಿಗಣಿಸಬೇಕಾಗಿ ಕೋರುತ್ತೇನೆ. ಆಧಾರಗಳಿವೆ. ನನ್ನ ಬಾಯಲ್ಲಿ ಹನ್ನೊಂದು ಹಲ್ಲುಗಳಿವೆ, ಅನುಶ್ರೀಗೆ ನನಗಿಂತ ಹೆಚ್ಚಿವೆ; ನಾವು ಜೊತೆಯಾಗಿ ಎಣಿಸಿದ್ದೇವೆ. ನನ್ನ ಹೆಂಡತಿ ‘ನೀವು ಮಗೂಗಿಂತ ಕಡೆ’ ಎಂದು ಈ ವಾರ್ಡಿನಲ್ಲೇ ಸಾಕ್ಷಿಗಳ ಮುಂದೆ ಹೇಳಿದ್ದಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕಾಲದಲ್ಲಿ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿದವನಿಗೆ ಮಾತ್ರ ಆರು ವರ್ಷ ತುಂಬಿದೆಯೆಂದು ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ನನ್ನ ಭುಜ ಹಿಡಿದುಕೊಂಡು ಎರಡು ವರ್ಷವಾಯಿತು. ನಿನ್ನೆ ಎಷ್ಟು ತಿಣುಕಿದರೂ ಕೈ ನೆತ್ತಿಯಿಂದ ಮುಂದೆ ಹೋಗಲಿಲ್ಲ. ಹಾಗಾಗಿ ಆ ಲೆಕ್ಕದಲ್ಲಿ ನನಗೆ ಇನ್ನೂ ಆರು ತುಂಬಿಲ್ಲ.

ಇಲ್ಲಿಯವರೆಗಿನದು ತಮಾಷೆಯೆಂದು ತಾವು ನಗುತ್ತಿರಬಹುದು. ಮಂಗಳವಾರದವರೆಗೆ ನಾನೂ ನಗುತ್ತಿದ್ದೆ. ಆ ದಿನ ಮಧ್ಯಾಹ್ನ ನಿದ್ದೆಯಿಂದ ಎದ್ದು ನೋಡಿದರೆ ನನ್ನ ಕಾಲಿನ ಕಿರುಬೆರಳಿನ ಸುತ್ತ ಯಾರೋ ನೀಲಿ ಪೆನ್ನಿನಲ್ಲಿ ಒಂದು ಬಳೆ ಬರೆದಿದ್ದರು. ಏನಿದು ಎಂದು ಕಿರಿಯ ದಾದಿ ಮಾಲತಿಯವರನ್ನು ಕೇಳಿದರೆ ‘ಅದೆಲ್ಲಾ ನಿಮ್ಗ್ಯಾಕೆ ತಾತ, ಮಲಕ್ಕೊಳ್ಳಿ’ ಎಂದರು. ಹೆಂಡತಿಯನ್ನು ಕೇಳಿದರೆ ‘ಗುರುವಾರ ಸ್ವಲ್ಪ ಕ್ಲೀನ್ ಮಾಡ್ತಾರಂತೆ’ ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಕ್ಲೀನ್ ಮಾಡುವುದಕ್ಕೆ ಯಾರಾದರೂ ಅಳುತ್ತಾರೆಯೇ?

ನಿಜ ಹೇಳಿದವಳು ಅನುಶ್ರೀ. ದೊಡ್ಡವರು ದೊಡ್ಡವರಿಂದ ಗುಟ್ಟು ಮುಚ್ಚಿಡಬೇಕಾದಾಗ ಮಕ್ಕಳ ಪಕ್ಕದಲ್ಲಿ ನಿಂತು ಮಾತನಾಡುತ್ತಾರೆ, ಮಕ್ಕಳಿಗೆ ಕಿವಿಯಿಲ್ಲವೆಂಬ ಧೈರ್ಯದಿಂದ. ಡಾಕ್ಟರರೂ ನನ್ನ ಹೆಂಡತಿಯೂ ಆ ಹುಡುಗಿಯ ಮಂಚದ ಬಳಿಯೇ ಪಿಸುಗುಟ್ಟಿದ್ದಾರೆ, ಒಪ್ಪಿಗೆ ಪತ್ರಕ್ಕೆ ಹೆಂಡತಿಯ ಸಹಿಯೂ ಆಗಿಹೋಗಿದೆ. ಅನುಶ್ರೀ ಮಂಚದಿಂದ ಇಳಿದು ಬಂದು, ತಾವು ಬ್ಯಾಂಡೇಜು ಸುತ್ತಿ ಕೊಟ್ಟಿದ್ದ ಬೊಂಬೆಯನ್ನು ನನ್ನ ಹೊಟ್ಟೆಯ ಮೇಲಿಟ್ಟು ಹೀಗೆಂದಳು: ‘ತಾತ, ನಿನ್ ಕಿರುಬೆಳ್ಳು ತೆಗೀತಾರಂತೆ. ನೋವಾಗತ್ತೆ. ಆಮೇಲೆ ಕಮ್ಮಿ ಆಗತ್ತೆ. ನೀನು ಅಳ್ಬೋದು.’

ನಾನು ಅತ್ತೆ, ಸಿಸ್ಟರ್. ಬೆರಳಿಗಾಗಿ ಅಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಬೆರಳಿಗಾಗಿಯೂ ಅತ್ತೆ. ಮೂವತ್ತನಾಲ್ಕು ವರ್ಷ ಬೆಳಗಿನ ಹಾಜರಿಗೆ ನನ್ನೊಂದಿಗೆ ತಪ್ಪದೆ ಬಂದ ಬೆರಳು ಅದು. ಅದೇ ಹಾಜರಿಯಲ್ಲಿ ನಿಂತು ಯಾರು ಕಾಫಿ ಪಿಕ್ಕಿಂಗಿಗೆ, ಯಾರು ಗೊಬ್ಬರಕ್ಕೆ ಎಂದು ನಾನು ಕೂಗುತ್ತಿದ್ದೆ, ಯಾರನ್ನೂ ‘ನಿನಗೆ ಯಾವುದಾಗುತ್ತದೆ’ ಎಂದು ಕೇಳಿದವನಲ್ಲ. ಅದು ಈಗ ನೆನಪಿಗೆ ಬಂದು ನಾಚಿಕೆಯಾಗುತ್ತಿದೆ. ನನಗೆ ಭಯವೂ ಆಗುತ್ತಿದೆ.

ಆದ್ದರಿಂದ ನಾಳೆ ಬೆಳಿಗ್ಗೆಯೊಳಗೆ ತಾವು ಬಂದು, ನನ್ನ ಮಂಚದ ಪಕ್ಕದಲ್ಲಿ ಕುಳಿತು, ಏನು ಮಾಡುತ್ತೀರಿ, ಎಷ್ಟು ನೋವಾಗುತ್ತದೆ, ಎಷ್ಟರವರೆಗೆ ಎಣಿಸಬೇಕು ಎಂಬುದನ್ನು ಬೊಂಬೆಯ ಮೇಲೆ ತೋರಿಸಿ ಹೇಳಬೇಕು. ಮಕ್ಕಳ ಜೊತೆ ತಾಯಿ ಇರಬಹುದೆಂಬ ನಿಯಮದಂತೆ ವಿಶಾಲಾಕ್ಷಮ್ಮನನ್ನು ಹಂಗಾಮಿ ತಾಯಿಯಾಗಿ ಒಳಗೆ ಬಿಡಬೇಕು, ಆದರೆ ಪ್ರಶ್ನೆಗಳನ್ನು ಮಾತ್ರ ನನಗೇ ಕೇಳಬೇಕು. ಎಲ್ಲ ಮುಗಿದ ಮೇಲೆ ಧೈರ್ಯವಂತರಿಗೆ ಕೊಡುವ ಸ್ಟಿಕರು ಬೇಕು. ನಕ್ಷತ್ರದ್ದು ಬೇಡ, ಆನೆಯದು. ಬೆರಳನ್ನು ತೆಗೆಯಲೇಬೇಕಾದರೆ ತೆಗೆಯಿರಿ, ನಾನು ಬೇಡವೆನ್ನುವುದಿಲ್ಲ. ಬೇಡವೆನ್ನಬಹುದಾದ ಒಂದು ಅವಕಾಶ ಕೊಟ್ಟು ಆಮೇಲೆ ತೆಗೆಯಿರಿ.

ಈ ಪತ್ರವನ್ನು ತಮ್ಮದೇ ಪ್ಲಾಸ್ಟರಿನಿಂದ ಆನೆಯ ಸೊಂಡಿಲಿಗೆ ಅಂಟಿಸಲಾಗಿದೆ. ಅಂಟಿಸಿದವಳು ಅನುಶ್ರೀ, ಆಕೆಯನ್ನು ಬೈಯುವ ಮೊದಲು ದಯವಿಟ್ಟು ಯಾವ ಕಿವಿಗೆ ಬೈಯಲಿ ಎಂದು ಆಕೆಯನ್ನೇ ಕೇಳಿ.

ಬುಧವಾರ ಸಂಜೆಯವರೆಗೆ ಕಾಲಿನ ಹತ್ತೂ ಬೆರಳುಗಳ ಸಮೇತ,
ತಮ್ಮ ವಿಶ್ವಾಸಿ,
ದೇವರಾಜು
ಏಳನೇ ಮಂಚ, ಮಕ್ಕಳ ವಾರ್ಡು

ವಿ.ಸೂ.: ಮೇಲೆ ಹೇಳಿದ ನೀಲಿ ಬಳೆ ಇರುವುದು ನನ್ನ ಬಲಗಾಲಿನ ಕಿರುಬೆರಳಿನ ಮೇಲೆ. ಹುಣ್ಣಿರುವ ಎಡಗಾಲಿಗೆ ಪೂರ್ತಿ ಕಟ್ಟು ಸುತ್ತಿದ್ದರಿಂದ ಪೆನ್ನು ಹಿಡಿದವರಿಗೆ ಅಲ್ಲಿ ಬರೆಯಲು ಜಾಗ ಸಿಕ್ಕಿರಲಿಕ್ಕಿಲ್ಲ. ಮಂಗಳವಾರವೇ ಹೇಳುತ್ತಿದ್ದೆ, ಆದರೆ ಯಾರೂ ನನ್ನನ್ನು ಕೇಳಲಿಲ್ಲ.