ಗುಡುಗುಮಾವನ ಕಾಲುಗಳು

ರೇಡಿಯೋ ಧಾರಾವಾಹಿಯ ಗುಡುಗುಮಾವನ ಮೇಲೆ ಸಪ್ಪಳರಾಯರಿಗಿದ್ದ ಹೊಟ್ಟೆಕಿಚ್ಚಿಗೆ ಇಪ್ಪತ್ತೆರಡು ವರ್ಷ ವಯಸ್ಸು. ತೊಡಕೇನೆಂದರೆ, ಗುಡುಗುಮಾವನ ಸೊಂಟದಿಂದ ಕೆಳಗಿನ ಭಾಗ ಸ್ವತಃ ಸಪ್ಪಳರಾಯರೇ ಆಗಿದ್ದರು.

ಬಿಡಿಸಿ ಹೇಳುತ್ತೇನೆ. ಧ್ವನಿಮುದ್ರಣದ ಕೋಣೆಯಲ್ಲಿ ಗುಡುಗುಮಾವನ ಮಾತನ್ನು ಆಡುತ್ತಿದ್ದವರು ಒಬ್ಬರು ಹಿರಿಯ ನಟರು, ಎಲ್ಲರ ಬಾಯಲ್ಲಿ ‘ಕಂಠದವರು’. ಅವರ ಪಕ್ಕದಲ್ಲಿ ಮರದ ಹಲಗೆಯ ಮೇಲೆ ನಡೆದು, ಬಾಗಿಲು ತೆಗೆದು, ಕುರ್ಚಿ ಎಳೆದು, ಲೋಟ ಇಡುತ್ತಿದ್ದವರು ನಮ್ಮ ರಾಯರು. (ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಕ್ಷೇಮವಾಗಿತ್ತು.) ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿತೆಂದರೆ ರಾಯರು ಕೆಮ್ಮುವಂತಿಲ್ಲ, ಸೀನುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ಈ ವಿದ್ಯೆಯನ್ನು ಅವರು ಎಷ್ಟು ನಿಷ್ಠೆಯಿಂದ ಕಲಿತರೆಂದರೆ, ದೀಪವೇ ಇಲ್ಲದ ಮನೆಯಲ್ಲೂ ಅದನ್ನು ಪಾಲಿಸತೊಡಗಿದರು. ಏನು ಕೇಳಿದರೂ ತಲೆಯಾಡಿಸುವುದು, ಬೇಡವಾದರೆ ಕೈಯಾಡಿಸುವುದು. ಮಾತು ಬಲ್ಲವ ಮಾಣಿಕ್ಯ ತಂದ, ಮಾತು ಅರಿಯದವ ಜಗಳ ತಂದ ಎನ್ನುತ್ತಾರೆ. ರಾಯರು ಜಗಳವನ್ನೂ ತರಲಿಲ್ಲ. ಹೆಂಡತಿಗೆ ಅದೇ ದೊಡ್ಡ ಕೊರತೆಯಾಗಿತ್ತು.

ಆಕೆ ಭಾನುವಾರ ಊಟ ಮುಗಿದು ಮಧ್ಯಾಹ್ನ ಎರಡು ಹೊಡೆಯಿತೆಂದರೆ ರೇಡಿಯೋ ಮುಂದೆ ಹಾಜರು. ಗುಡುಗುಮಾವ ಕೇಳಿದ ಪ್ರಶ್ನೆಗೆಲ್ಲ ಇಲ್ಲಿಂದಲೇ ಉತ್ತರ ಕೊಡುತ್ತಿದ್ದರು, ಬುದ್ಧಿ ಹೇಳುತ್ತಿದ್ದರು, ಒಮ್ಮೊಮ್ಮೆ ಬೈಯುತ್ತಲೂ ಇದ್ದರು. ಪಕ್ಕದ ಕುರ್ಚಿಯಲ್ಲಿ ಕೂತ ರಾಯರಿಗೆ ಆ ಬೈಗುಳದಲ್ಲಿ ಕಾಲು ಭಾಗವಾದರೂ ತನಗೆ ಬರಬೇಕಿತ್ತು ಎನಿಸುತ್ತಿತ್ತು.

ಗುಡುಗುಮಾವ ಮೊದಲಿಂದಲೂ ಪ್ರೀತಿಗೆ ಯೋಗ್ಯನಾಗಿದ್ದನೆಂದು ತಿಳಿಯಬೇಡಿ. ಅವನನ್ನು ಹುಟ್ಟಿಸಿದ ಲೇಖಕನಿಗೆ ತನ್ನ ಮಾವನನ್ನು ಕಂಡರೆ ಆಗುತ್ತಿರಲಿಲ್ಲ. ಹೀಗಾಗಿ ಮೊದಲ ಆರು ವರ್ಷ ಅವನು ಸೊಸೆಯನ್ನು ಅಳಿಸಿದ, ಮಗನನ್ನು ಮನೆಯಿಂದ ಹೊರಗೆ ಹಾಕಿದ. ರಾಯರು ಆಗ ಲಾಳ ಹೊಡೆದ ಬೂಟು ಹಾಕಿ ಹಲಗೆ ಮುರಿಯುವಂತೆ ನಡೆಯುತ್ತಿದ್ದರು. ಆಮೇಲೆ ಬಂದ ಲೇಖಕನಿಗೆ ಮಾವ ಮನೆ ಕಟ್ಟಿಸಿಕೊಟ್ಟಿದ್ದ. ಗುಡುಗುಮಾವ ಒಂದೇ ತಿಂಗಳಲ್ಲಿ ಮಗನನ್ನು ವಾಪಸ್ ಕರೆಸಿಕೊಂಡ. ಹನ್ನೆರಡನೇ ವರ್ಷ ಕಂಠದವರು ಹಲ್ಲಿನ ಸೆಟ್ಟು ಹಾಕಿಸಿಕೊಂಡರು. ಕೂಗಿದರೆ ಅದು ಸಡಿಲವಾಗಿ ಶಿಳ್ಳೆ ಬರುತ್ತಿತ್ತು, ಆದ್ದರಿಂದ ಗುಡುಗುಮಾವನಿಗೆ ಕೋಪ ಬರುವುದೇ ನಿಂತಿತು. ಕೇಳುಗರು ಅವನ ಹೃದಯ ಪರಿವರ್ತನೆಯಾಯಿತೆಂದು ಪತ್ರ ಬರೆದು ಕಣ್ಣೀರಿಟ್ಟರು. ರಾಯರ ಬೂಟು ಚಪ್ಪಲಿಯಾಯಿತು, ಚಪ್ಪಲಿ ಹೋಗಿ ಬರಿಗಾಲಾಯಿತು. ಒಬ್ಬ ಮನುಷ್ಯ ಹೀಗೆ ಹಂತ ಹಂತವಾಗಿ ಒಳ್ಳೆಯವನಾದದ್ದು ತನ್ನ ಅಂಗಾಲಿಗೆ ಮಾತ್ರ ಗೊತ್ತೆಂದು ರಾಯರು ಹೆಮ್ಮೆಪಡುತ್ತಿದ್ದರು. ಹೆಮ್ಮೆಯನ್ನು ಯಾರಿಗೆ ಹೇಳುವುದು? ಕಂಠದವರಿಗೆ ಹೂವಿನ ಹಾರ, ಕಾಲಿಗೆ ಸಾಬೂನು ನೀರು.

ಈ ವರ್ಷ ಮಗಳ ಮದುವೆಯಾಗಿ ಮನೆಯಲ್ಲಿ ಇಬ್ಬರೇ ಉಳಿದರು. ಆಗಲೇ ಕಂಠದವರು, ಇನ್ನು ತಮ್ಮಿಂದಾಗದೆಂದು ಹೇಳಿ ಕೆಲಸ ಬಿಟ್ಟರು. ಬೇರೆಯವರ ದನಿ ಹಾಕಿ ನೋಡಿದರೆ ಕೇಳುಗರು ಗಲಾಟೆ ಎಬ್ಬಿಸಿದರು. ಹಾಗೆಂದು ಪಾತ್ರವನ್ನು ಕೊಲ್ಲುವುದಕ್ಕೂ ಯಾರಿಗೂ ಮನಸ್ಸಿಲ್ಲ. ಹೊಸದಾಗಿ ಬಂದ ಲೇಖಕಿ ಉಪಾಯ ಮಾಡಿ ಗುಡುಗುಮಾವನ ಗಂಟಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿದಳು. ಮನುಷ್ಯ ಬದುಕಿದ, ದನಿ ಹೋಯಿತು. ನಿರ್ದೇಶಕರು ರಾಯರ ಹೆಗಲ ಮೇಲೆ ಕೈಯಿಟ್ಟು, ಇನ್ನು ಗುಡುಗುಮಾವನೆಂದರೆ ಪೂರ್ತಿ ನೀವೇ ಎಂದರು. ರಾಯರು ತಲೆಯಾಡಿಸಿದರು.

ಅದರ ಮುನ್ನಾದಿನವೇ ಮನೆಯಲ್ಲಿ ಒಂದು ಮಾತು ಬಂದಿತ್ತು. ರಾಯರು ಸದ್ದಿಲ್ಲದೆ ಬಂದು ಹಿಂದೆ ನಿಂತದ್ದನ್ನು ಕಂಡು ಹೆಂಡತಿ ಬೆಚ್ಚಿದ್ದರು. “ನೀವು ಮನೇಲಿದ್ದೀರೋ ಇಲ್ವೋ ಅಂತ ತಿಳ್ಕೋಬೇಕಾದ್ರೆ ನಾನು ಎದ್ದು ಬಂದು ನೋಡ್ಬೇಕು,” ಎಂದಿದ್ದರು ಆಕೆ. ಕೋಪದಿಂದಲ್ಲ, ಸುಮ್ಮನೆ. ಏನಾದರೂ ಹೇಳಬೇಕೆಂದು ರಾಯರು ಅಳೆದು ಸುರಿದು ಒಂದು ವಾಕ್ಯ ಸಿದ್ಧಪಡಿಸುವಷ್ಟರಲ್ಲಿ ಆಕೆ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿಯಾಗಿತ್ತು.

ಆ ಉತ್ತರವನ್ನು ರಾಯರು ಮರುದಿನದ ಧ್ವನಿಮುದ್ರಣದಲ್ಲಿ ಕೊಟ್ಟರು. ದೃಶ್ಯ ಸಣ್ಣದು. ಗುಡುಗುಮಾವನ ಹೆಂಡತಿ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಾಳೆ, ಅವನು ಬರುತ್ತಾನೆ, ಅಷ್ಟೇ. ರಾಯರು ನಾಲ್ಕು ಹೆಜ್ಜೆ ನಡೆದು ಹೊಸ್ತಿಲಲ್ಲಿ ನಿಂತರು. ಹಿಂದೆ ಹೋಗಲೋ ಎಂಬಂತೆ ಒಂದು ಹೆಜ್ಜೆ ತೂಗಿದರು. ಕುರ್ಚಿಯನ್ನು ಎಳೆಯದೆ ಎತ್ತಿ ಇಟ್ಟರು. ಚಹಾದ ಲೋಟವನ್ನು ಮೇಜಿನ ಮೇಲೆ ಅವಳ ಕಡೆಗೆ ಮೆಲ್ಲಗೆ, ತುಂಬ ಮೆಲ್ಲಗೆ ಸರಿಸಿದರು. ಇಪ್ಪತ್ತೆರಡು ವರ್ಷ ಹೇಳದೆ ಉಳಿದದ್ದೆಲ್ಲ ಆ ಒಂದೂವರೆ ನಿಮಿಷದಲ್ಲಿತ್ತು. ಕೆಂಪು ದೀಪ ಆರಿದಾಗ ನಿರ್ದೇಶಕರು ಕಣ್ಣೊರೆಸಿಕೊಂಡರು. ರಾಯರು ಬಸ್ಸಿನಲ್ಲಿ ತಮ್ಮಷ್ಟಕ್ಕೆ ನಗುತ್ತ ಬಂದರು, ಪಕ್ಕದವನು ಜಾಗ ಬದಲಾಯಿಸಿದ.

ಭಾನುವಾರ ಎರಡು ಗಂಟೆ. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿದ್ದ ರಾಯರು ಊಟ ಮುಗಿಸಿದವರೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಹೆಜ್ಜೆಗಳು ಬಂದವು. ನಿಂತವು. ಕುರ್ಚಿ, ಲೋಟ. ಹೆಂಡತಿ ಕಿವಿಗೊಟ್ಟು ಕೇಳಿದರು. ಲೋಟ ಸರಿದು ನಿಂತ ಮೇಲೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಕೈಚಾಚಿ ರೇಡಿಯೋ ಆರಿಸಿದರು.

ರಾಯರಿಗೆ ತಡೆಯಲಾಗಲಿಲ್ಲ. “ಅದು ನಾನು,” ಎಂದರು.

“ಗೊತ್ತು ರೀ. ಮೊದಲ್ನೇ ವಾರದಿಂದ ಗೊತ್ತು, ನಿಮ್ಮ ಹೆಜ್ಜೆ ನನಗೆ ತಿಳಿಯಲ್ವಾ? ಆಗ ಬೂಟು ಹಾಕ್ಕೊಂಡು ಧಡಧಡ ನಡೀತಿದ್ರಲ್ಲ, ಪರವಾಗಿಲ್ಲ, ಹೊರಗಾದ್ರೂ ಸದ್ದು ಮಾಡ್ತಾರೆ ನಮ್ಮವರು ಅಂದ್ಕೊಂಡಿದ್ದೆ.”

“ಮತ್ತೆ ಯಾಕೆ ಆರಿಸ್ದೆ?”

“ಪಾಪ, ಗುಡುಗುಮಾವ ಒಳ್ಳೆಯವನಾದ್ಮೇಲೂ ಮಾತಾಡ್ತಿದ್ದ. ಬಾಯಿ ಬಿಡದ ಗಂಡ ಮನೇಲಿ ಒಬ್ಬರಿದ್ದೀರಲ್ಲ, ಸಾಕು. ಇನ್ನೊಬ್ಬನ್ನ ಕೂತು ರೇಡಿಯೋದಲ್ಲೂ ಕೇಳ್ಲಾ?”

ರಾಯರಿಗೆ ಅರ್ಥವಾಯಿತು, ಅದೂ ಚೆನ್ನಾಗಿಯೇ. ಈಗ, ಈ ಕ್ಷಣ ಮಾತಾಡಬೇಕು. ಕೆಂಪು ದೀಪವಿಲ್ಲ, ಕಂಠದವರಿಲ್ಲ, ಹೆಂಡತಿ ತನ್ನ ಕಡೆಗೇ ತಿರುಗಿ ಕಾಯುತ್ತಿದ್ದಾಳೆ. ಅವರು ಗಂಟಲು ಸರಿಮಾಡಿಕೊಂಡರು. ಇದ್ದಬದ್ದ ಪ್ರೀತಿಯನ್ನೆಲ್ಲ ಒಟ್ಟುಮಾಡಿ, ಬಾಯಿಗೆ ಬಂದ ಮೊದಲ ಮಾತನ್ನು ಆಡಿಯೇಬಿಟ್ಟರು.

“ನಿಂದು ಊಟ ಆಯ್ತಾ?”

ಹೆಂಡತಿ ಅವರನ್ನೇ ನೋಡಿದರು. ಊಟ ಮಾಡಿ ತೊಳೆದ ರಾಯರ ಬಲಗೈ ಇನ್ನೂ ಆರಿರಲಿಲ್ಲ.

“ಈಗ ತಾನೇ ಜೊತೇಲಿ ಕೂತು ಉಂಡ್ವಲ್ರೀ,” ಎಂದು ಆಕೆ ಮತ್ತೆ ರೇಡಿಯೋ ಹಾಕಿ, ಯಾರೋ ಇಬ್ಬರು ಬಿಡುವಿಲ್ಲದೆ ಮಾತಾಡುತ್ತಿದ್ದ ಬೇರೊಂದು ಕೇಂದ್ರಕ್ಕೆ ತಿರುಗಿಸಿದರು.